ಅಕ್ಕನ ಬಾಗಿಲಿನ ಪರೀಕ್ಷೆ

ಇದನ್ನು ಹೇಳಲು ಹೊರಟಿದ್ದಕ್ಕೆ ಮೊದಲೇ ಕ್ಷಮೆ ಕೇಳಿಬಿಡುತ್ತೇನೆ. ಏಟು ತಿಂದವನು ನಾನಲ್ಲ. ಬಾಗಿಲ ಹಿಂದೆ ಉಸಿರು ಬಿಗಿಹಿಡಿದು ಕೂತಿದ್ದವನೂ ನಾನಲ್ಲ. ಆ ಮಧ್ಯಾಹ್ನ ನಾನು ನಾಲ್ಕು ಬಸ್ ಸ್ಟಾಪು ಆಚೆ ನನ್ನ ಕೆಲಸದ ಮೇಜಿನ ಮುಂದೆ ನೆಮ್ಮದಿಯಾಗಿ ಕೂತಿದ್ದೆ. ಹೇಳಬೇಕಾದ ಇಬ್ಬರು ಹೆಂಗಸರೂ ಹೇಳುತ್ತಿಲ್ಲ. ನಾನು ಹೇಳಿದರೆ ಅದು ಅಧಿಕಪ್ರಸಂಗವಾಗುತ್ತದೆ ಎಂದು ಗೊತ್ತು. ಸಂಜೆ ಶಾಲೆಯಲ್ಲಿ ಮೂವತ್ತು ದಾಟಿದ ಮೇಲೆ ಹತ್ತನೇ ಕ್ಲಾಸು ಮುಗಿಸಿದವನ ಬರವಣಿಗೆ ಇದು, ತಪ್ಪಿದ್ದರೆ ತಿದ್ದಿಕೊಳ್ಳಿ. ಆದರೆ ಕೇಕಿನ ಮೇಲೆ ಹೂವು ಬಿಡಿಸುತ್ತಿದ್ದ ಒಂದು ಬಲಗೈ ಈಗ ಮುಷ್ಟಿ ಕಟ್ಟಲಾರದು. ಅದರಲ್ಲಿ ನನ್ನ ಪಾಲೆಷ್ಟು ಎಂದು ನಾನೊಮ್ಮೆ ಬರೆದು ನೋಡಲೇಬೇಕಾಗಿದೆ.

ನಾನು ಬೀಗದ ಕಾರ್ಖಾನೆಯಲ್ಲಿ ಪರೀಕ್ಷೆ ಮಾಡುವವನು. ಹತ್ತು ಹತ್ತು ಬೀಗಗಳ ತಟ್ಟೆ ನನ್ನ ಮೇಜಿಗೆ ಬರುತ್ತದೆ. ಅದರಲ್ಲಿ ಯಾವುದೋ ಒಂದನ್ನು ಎತ್ತಿಕೊಳ್ಳುತ್ತೇನೆ. ಯಾವುದು ಎಂದು ಮಾಡಿದವರಿಗೆ ಮೊದಲೇ ತಿಳಿಯಬಾರದು, ಅದೇ ನಮ್ಮ ಕೆಲಸದ ನಿಯಮ. ತಂತಿ ತೂರಿಸುತ್ತೇನೆ, ತೂಕ ಕಟ್ಟಿ ಜಗ್ಗುತ್ತೇನೆ, ಸುತ್ತಿಗೆಯಿಂದ ಬಡಿಯುತ್ತೇನೆ. ತೆರೆದುಕೊಂಡರೆ ಇಡೀ ತಟ್ಟೆ ವಾಪಸ್ಸು. ತೆರೆಯದಿದ್ದರೆ ಸೀಸದ ಕಡ್ಡಿಯಿಂದ ಒಂದು ಗುರುತು ಹಾಕಿ ಮುಂದೆ ತಳ್ಳುತ್ತೇನೆ. ಇಪ್ಪತ್ತೆರಡು ವರ್ಷ ಇದನ್ನೇ ಮಾಡಿದವನಿಗೆ ಬುದ್ಧಿ ಒಂದೇ ಕಡೆ ಸವೆಯುತ್ತದೆ ಎಂದು ಕಾಣುತ್ತದೆ. ಕಾರ್ಖಾನೆಯಲ್ಲಿ ನನ್ನನ್ನು ಅನುಮಾನಪ್ಪ ಎನ್ನುತ್ತಾರೆ. ನನ್ನ ಕಪಾಟಿಗೆ ಬೀಗ ಹಾಕಿ ಗೇಟಿನವರೆಗೆ ಹೋಗಿ, ಹಾಕಿದೆನೋ ಇಲ್ಲವೋ ಎಂದು ಮತ್ತೆ ಬಂದು ಜಗ್ಗಿ ನೋಡುವುದನ್ನು ಅವರು ದಿನಾ ಕಾಣುತ್ತಾರೆ.

ಅಕ್ಕ ನನಗಿಂತ ಹನ್ನೊಂದು ವರ್ಷ ದೊಡ್ಡವಳು. ಭಾವ ಹೋದ ಮೇಲೆ ಒಬ್ಬಳೇ ಇದ್ದಾಳೆ, ಮೂರಂತಸ್ತಿನ ಕಟ್ಟಡದ ನಡುವಿನ ಮನೆಯಲ್ಲಿ. ಅವಳದು ರಫು ಕೆಲಸ. ಕೋಟು, ಸ್ವೆಟರು, ಶಾಲು ಹರಿದಿದ್ದರೆ ಅದೇ ಬಟ್ಟೆಯ ಒಳಮಡಿಕೆಯಿಂದ ನೂಲು ಬಿಡಿಸಿ, ಎಳೆಗೆ ಎಳೆ ಸೇರಿಸಿ ನೇಯ್ದು, ಹರಿದದ್ದೇ ಕಾಣದಂತೆ ಮಾಡುತ್ತಾಳೆ. ಕಟ್ಟಡದವರಿಗೆಲ್ಲ ಅವಳು ರಫು ಅಕ್ಕ. ಕಿಟಕಿಯ ಪಕ್ಕ ಮೇಜು, ಮೇಜಿನ ಮೇಲೆ ಭೂತಗನ್ನಡಿ. ಬಾಗಿಲು ಬೆಳಗಿಂದ ಸಂಜೆವರೆಗೆ ತೆರೆದೇ ಇರುತ್ತಿತ್ತು. ಮೆಟ್ಟಿಲು ಹತ್ತುವವರು ಯಾರೇ ಆಗಲಿ, ತಲೆ ಎತ್ತದೆ "ಬಂದ್ಯಾ? ಕೂತ್ಕೋ, ಈ ಗಂಟು ಹಾಕಿಬಿಡ್ತೀನಿ" ಎನ್ನುತ್ತಿದ್ದಳು. ಎಷ್ಟೋ ಸಲ ಅವಳು ಹಾಗೆ ಕೂರಿಸಿದ್ದು ಗುರುತೇ ಇಲ್ಲದವರನ್ನು.

ಹಾಗೆ ಕೂರಿಸಿದವರಲ್ಲಿ ಒಬ್ಬ ನೀರಿನ ಪೈಪು ನೋಡಲು ಬಂದೆ ಎಂದವನು. ಅಕ್ಕ ಅವನಿಗೆ ಟೀ ಕೊಟ್ಟಳು. ಅವನು ಇನ್ನೊಂದು ಚಮಚ ಸಕ್ಕರೆ ಕೇಳಿ ಹಾಕಿಸಿಕೊಂಡ. ಆಮೇಲೆ ಅಡುಗೆಮನೆಯ ನಲ್ಲಿ ತಿರುಗಿಸಿ ಹಿಡಿದುಕೊಂಡಿರಿ ಎಂದು ಅವಳನ್ನು ಅಲ್ಲಿ ನಿಲ್ಲಿಸಿ, ರೇಡಿಯೋವನ್ನೂ ಭಾವನ ಕೈಗಡಿಯಾರವನ್ನೂ ತೆಗೆದುಕೊಂಡು ಹೊರಟುಹೋದ.

"ನಿಂಗೆ ಒಂಚೂರೂ ಅನುಮಾನ ಬರಲಿಲ್ವೇನೇ?" ಎಂದು ನಾನು ತಲೆ ಚಚ್ಚಿಕೊಂಡೆ.

"ಬಂತು ಕಣೋ. ಇಷ್ಟೊಂದು ಸಕ್ಕರೆ ಕುಡಿದ್ರೆ ಇವನ ಗತಿ ಏನಪ್ಪಾ ಅಂತ ಬಂತು."

ಅವಳು ನಕ್ಕಳು. ನನಗೆ ನಗಲು ಆಗಲಿಲ್ಲ. ಆ ವಾರವೇ ಅವಳ ಬಾಗಿಲಿಗೆ ನಮ್ಮ ಕಾರ್ಖಾನೆಯ ಅತಿ ಗಟ್ಟಿ ಬೀಗ, ಒಂದು ಸರಪಳಿ, ಇಣುಕುಗಾಜು ಹಾಕಿದೆ. ಅದನ್ನು ನೋಡಿ ಮೇಲಿನ ಮನೆಯ ಹುಡುಗಿಯೂ ಬಂದಳು. ಅವಳು ಬೇಕರಿಯಲ್ಲಿ ಕೇಕಿನ ಮೇಲೆ ಕೆನೆಯಿಂದ ಹೂವು, ಎಲೆ, ಅಕ್ಷರ ಬಿಡಿಸುವವಳು. ಕತ್ತರಿಸಿ ಉಳಿದ ಕೇಕಿನ ಅಂಚುಗಳನ್ನು ಕಾಗದದಲ್ಲಿ ಸುತ್ತಿ ಅಕ್ಕನಿಗೆ ತಂದುಕೊಡುತ್ತಿದ್ದಳು. ಗಂಡನ ಹೊಡೆತ ತಾಳದೆ ಬಿಟ್ಟು ಬಂದು ಒಬ್ಬಳೇ ಇದ್ದಳು. ಅವನಿಗೆ ಇನ್ನೂ ವಿಳಾಸ ಸಿಕ್ಕಿರಲಿಲ್ಲ.

"ಅಣ್ಣಾ, ನನ್ನ ಬಾಗಿಲಿಗೂ ಒಂದು ಹಾಕ್ಕೊಡಿ. ಇಲ್ಲ, ಎರಡು ಹಾಕಿ," ಎಂದಳು.

ಎರಡು ಹಾಕಿದೆ. ಎರಡಕ್ಕೂ ಬೇರೆ ಬೇರೆ ಕೀಲಿಕೈ.

ಅದೇ ದಿನಗಳಲ್ಲಿ ನಮ್ಮ ಸಂಜೆ ಶಾಲೆಯ ಹಾಲಿನಲ್ಲಿ ಮೈ ಮತ್ತು ಮನೆ ಕಾಪಾಡಿಕೊಳ್ಳುವುದು ಹೇಗೆ ಎಂದು ಮೂರು ಸಂಜೆಯ ತರಗತಿ ನಡೆಯಿತು. ಕಲಿಸಲು ಬಂದವರು ಜೈಲಿನಲ್ಲಿ ಕಾವಲು ಕೆಲಸ ಮಾಡಿ ನಿವೃತ್ತರಾಗಿದ್ದ ದಪ್ಪನೆಯ ಹೆಂಗಸು. ಯಾರಾದರೂ ಮಣಿಕಟ್ಟು ಹಿಡಿದರೆ ಅವರ ಹೆಬ್ಬೆರಳಿನ ಕಡೆಗೆ ತಿರುಗಿಸಿ ಕೈ ಬಿಡಿಸಿಕೊಳ್ಳುವುದನ್ನು ಒಬ್ಬೊಬ್ಬರಿಗೂ ಮಾಡಿಸಿದರು. ಕೊನೆಗೆ ಎಂಟು ಮಾತು ಬರೆಸಿದರು. ನಾನು ಅಂಡರ್‌ಲೈನ್ ಮಾಡಿ ಬರೆದುಕೊಂಡೆ. ಭಾನುವಾರ ಅಕ್ಕನಿಗೆ ಓದಿ ಹೇಳಿದೆ. ಮೇಲಿನ ಹುಡುಗಿಗೂ ಮೆಟ್ಟಿಲ ಮೇಲೇ ಮಣಿಕಟ್ಟಿನ ಉಪಾಯ ತೋರಿಸಿದೆ. ಅವಳು ಮೂರೇ ಸಲಕ್ಕೆ ಕಲಿತು ನನ್ನ ಕೈಯನ್ನು ಝಾಡಿಸಿ ಎಸೆದಳು. ಕೆನೆ ತುಂಬಿದ ಚೀಲ ಹಿಂಡಿ ಹಿಂಡಿ ಅವಳ ಕೈ ಅಷ್ಟು ಗಟ್ಟಿಯಾಗಿತ್ತು.

ಎಂಟು ಮಾತು ಎಂದೆ. ಅಕ್ಕನಿಗೆ ನಾನು ಓದಿದ್ದು ಏಳು. ಏಳನೆಯದನ್ನು ಬಿಟ್ಟು ಎಂಟಕ್ಕೆ ಹೋದೆ. ಯಾಕೆ ಬಿಟ್ಟೆ ಎಂಬುದನ್ನು ಆಮೇಲೆ ಹೇಳುತ್ತೇನೆ.

ಅಲ್ಲಿಗೆ ನಿಲ್ಲಿಸಿದ್ದರೆ ಸಾಕಿತ್ತು. ಆದರೆ ಹೇಳಿಕೊಟ್ಟದ್ದು ನಿಂತಿತೋ ಇಲ್ಲವೋ ಎಂದು ತಿಳಿಯುವುದು ಹೇಗೆ? ನನಗೆ ಗೊತ್ತಿದ್ದುದು ಒಂದೇ ದಾರಿ. ಮೊದಲೇ ತಿಳಿಸದೆ ಬಡಿದು ನೋಡಬೇಕು.

ಮೊದಲು ಪಾಲಿಷ್ ವಿಭಾಗದವನೊಬ್ಬನನ್ನು ಪಾರ್ಸೆಲ್ ತಂದವನಂತೆ ಕಳಿಸಿದೆ. ನಾನು ಕೆಳಗಿನ ಸೈಕಲ್ ರಿಪೇರಿ ಅಂಗಡಿಯ ಹತ್ತಿರ ನಿಂತಿದ್ದೆ. ಅರ್ಧ ಗಂಟೆಯಾದರೂ ಅವನು ಇಳಿದು ಬರಲಿಲ್ಲ. ಹತ್ತಿ ನೋಡಿದರೆ ಒಳಗೆ ಕೂತು ಬಿಸ್ಕತ್ತು ತಿನ್ನುತ್ತಿದ್ದ. ಅವನ ಅಂಗಿಯ ಜೇಬಿಗೆ ಅಕ್ಕ ಹೊಲಿಗೆ ಹಾಕುತ್ತಿದ್ದಳು.

"ಅನುಮಾನಪ್ಪ, ನಿಮ್ಮಕ್ಕ ಫೇಲು. ಆದ್ರೆ ಬಿಸ್ಕತ್ತು ಪಾಸು," ಎಂದ.

ಆಮೇಲೆ ಪ್ಯಾಕಿಂಗ್ ವಿಭಾಗದ ಹೆಂಗಸನ್ನು ಕೇಳಿಕೊಂಡೆ. ಅವಳು ಹಿಂದೆ ನಾಟಕಗಳಲ್ಲಿ ಪಾತ್ರ ಮಾಡುತ್ತಿದ್ದವಳು, ಬೇಕೆಂದಾಗ ಅಳಬಲ್ಲವಳು. ಏನು ಹೇಳಬೇಕೆಂದು ಒಂದು ಚೀಟಿಯಲ್ಲಿ ಬರೆದುಕೊಟ್ಟೆ. ಅವಳು ಅಕ್ಕನ ಬಾಗಿಲು ಬಡಿದು, ಯಾರೋ ಅಟ್ಟಿಸಿಕೊಂಡು ಬರುತ್ತಿದ್ದಾರೆ, ಕಾಪಾಡಿ ಎಂದು ಅತ್ತಳು. ನಾನು ಮೆಟ್ಟಿಲ ತಿರುವಿನಲ್ಲಿ ಅವಿತಿದ್ದೆ.

ಮುಂದಿನದನ್ನು ನಾನು ಬಹಳ ಸಲ ನೆನೆಸಿಕೊಂಡಿದ್ದೇನೆ. ಅಕ್ಕ ಸರಪಳಿ ಸರಿಸಿ ಬಾಗಿಲು ತೆರೆದಳು. ಅಳುತ್ತಿದ್ದವಳನ್ನು ತೋಳು ಹಿಡಿದು ಒಳಗೆ ಎಳೆದು ಹಾಕಿದಳು. ಆಮೇಲೆ ತನ್ನ ದೊಡ್ಡ ಕತ್ತರಿ ಹಿಡಿದು ಹೊರಗೆ ಬಂದು ನಿಂತಳು. ಕಾಲಲ್ಲಿ ಚಪ್ಪಲಿ ಇರಲಿಲ್ಲ, ಕನ್ನಡಕ ಹಣೆಯ ಮೇಲಿತ್ತು.

"ಎಲ್ಲೋ ಅವನು? ಬಾರೋ ಮೇಲೆ, ನೋಡೇಬಿಡ್ತೀನಿ!"

ತಿರುವಿನಿಂದ ಹೊರಗೆ ಬಂದವನು ನಾನು. ಅವಳ ಮುಖದಲ್ಲಿ ಆಗ ಇದ್ದದ್ದನ್ನು ನಾನು ನೋಡಬೇಕಿತ್ತು. ನೋಡಲಿಲ್ಲ, ಬೈದೆ. ಒಂದು ತಾಸು ಬೈದೆ. ಕಳ್ಳರು ಮುಂದೆ ಕಳಿಸುವುದು ಅಳುವವರನ್ನೇ, ಅವಳ ಹಿಂದೆ ಮೂವರು ನಿಂತಿದ್ದರೆ ಏನು ಮಾಡುತ್ತಿದ್ದೆ, ನಿನಗೆ ಕತ್ತರಿ ಹಿಡಿಯಲು ಯಾರು ಹೇಳಿದರು ಎಂದೆಲ್ಲ. ಅಕ್ಕ ಕತ್ತರಿಯನ್ನು ಅದರ ಚೀಲಕ್ಕೆ ಹಾಕಿದಳು. ಪ್ಯಾಕಿಂಗ್‌ನವಳು ಮಾತ್ರ ಹೋಗುವಾಗ ಅಂದಳು, "ನನ್ನನ್ನ ನಿಜವಾಗ್ಲೂ ಯಾರಾದ್ರೂ ಅಟ್ಟಿಸ್ಕೊಂಡು ಬಂದ್ರೆ ನಾನು ಓಡಿ ಬರೋದು ಈ ಮನೆಗೇ."

ಅವಳೇ ದನಿ ಬದಲಿಸಿ ಎರಡನೇ ಸಲ ಅತ್ತಾಗ ಅಕ್ಕ ಬಾಗಿಲು ತೆರೆಯಲಿಲ್ಲ. ಆದರೆ ನೇರ ಪೊಲೀಸರಿಗೆ ಫೋನು ಮಾಡಿಬಿಟ್ಟಳು. ಅದು ಸರಿಯಾದ ಕೆಲಸ. ತರಗತಿಯಲ್ಲಿ ಹೇಳಿದ್ದೂ ಅದನ್ನೇ. ಹತ್ತು ನಿಮಿಷಕ್ಕೆ ಇಬ್ಬರು ಪೊಲೀಸರು ಮೆಟ್ಟಿಲು ಹತ್ತಿದರು. ನಾನೂ ಪ್ಯಾಕಿಂಗ್‌ನವಳೂ ಕೈಕಟ್ಟಿ ನಿಂತು ತಪ್ಪಾಯಿತು ಎಂದೆವು.

"ಪರೀಕ್ಷೆ ಅಂತೆ ಪರೀಕ್ಷೆ! ನಮಗೆ ಬೇರೆ ಕೆಲಸ ಇಲ್ಲ ಅಂದ್ಕೊಂಡಿದ್ದೀರಾ?" ಎಂದು ಅವರಲ್ಲಿ ದೊಡ್ಡವನು ಎಲ್ಲರ ಮುಂದೆ ಗದರಿಸಿದ. ಸೈಕಲ್ ರಿಪೇರಿಯವನೂ ನೋಡುತ್ತಿದ್ದ. ಮೇಲಿನ ಹುಡುಗಿಯೂ ಕಂಬಿ ಹಿಡಿದು ಬಗ್ಗಿ ನೋಡುತ್ತಿದ್ದಳು.

ನನಗೆ ನಾಚಿಕೆಯಾಯಿತು. ಆ ನಾಚಿಕೆಯಿಂದ ಒಂದು ಹೊಸ ನಿಯಮ ಮಾಡಿದೆ. ಯಾರಾದರೂ ಬಾಗಿಲು ಬಡಿದು ಅತ್ತರೆ ಮೊದಲು ನೂರರವರೆಗೆ ಎಣಿಸು. ಅಲ್ಲಿಯವರೆಗೆ ಇಣುಕುಗಾಜಿನ ಹತ್ತಿರ ಹೋಗಬೇಡ, ನೆರಳು ಹೊರಗೆ ಕಾಣುತ್ತದೆ. ಫೋನೂ ಎತ್ತಬೇಡ. ನೂರಾದ ಮೇಲೂ ಸದ್ದಿದ್ದರೆ ಆಗ ಪೊಲೀಸು. ಸದ್ದು ನಿಂತಿದ್ದರೆ ನಾನೇ ಬಂದು ಪಾಸು ಎನ್ನುತ್ತೇನೆ.

"ನೂರು ಅಂದ್ರೆ ಬೇಗ ಬೇಗ ಎಣಿಸ್ಬೇಕೋ, ನಿಧಾನಕ್ಕೋ?" ಅಕ್ಕ ಕೇಳಿದಳು.

"ನಿಧಾನಕ್ಕೆ," ಎಂದೆ.

ಇದು ತರಗತಿಯಲ್ಲಿ ಯಾರೂ ಹೇಳಿದ್ದಲ್ಲ. ನಾನು ಕಟ್ಟಿದ್ದು.

ಮೂರನೇ ಸಲ ಅಕ್ಕ ಗೆದ್ದಳು. ಪ್ಯಾಕಿಂಗ್‌ನವಳು ಎಂದಿಗಿಂತ ಜೋರಾಗಿ ಅತ್ತಳು, ಬಾಗಿಲಿಗೆ ತಲೆ ಚಚ್ಚಿಕೊಂಡಂತೆ ಸದ್ದು ಮಾಡಿದಳು. ಬಾಗಿಲು ಅಲುಗಲಿಲ್ಲ. ನಾನು ಹತ್ತಿ ಹೋಗಿ, "ಪಾಸು ಕಣೇ ಅಕ್ಕ!" ಎಂದು ಕೂಗಿದೆ. ಅಕ್ಕ ಬಾಗಿಲು ತೆಗೆದಳು. ಅವಳ ತುಟಿ ಬಿಳಚಿಕೊಂಡಿತ್ತು.

"ಖುಷಿಯಾಯ್ತಾ ನಿಂಗೆ?" ಎಂದಳು.

ಆಗಿತ್ತು. ಸುಳ್ಳು ಹೇಳಬಾರದು. ಹತ್ತು ಬೀಗದ ತಟ್ಟೆಯ ಮೇಲೆ ಗುರುತು ಹಾಕಿದಷ್ಟು ಖುಷಿಯಾಗಿತ್ತು. ಮೆಟ್ಟಿಲಿಳಿಯುವಾಗ ಪ್ಯಾಕಿಂಗ್‌ನವಳು ಮೂಗು ಒರೆಸಿಕೊಂಡು, "ಇನ್ಮೇಲೆ ನನ್ನನ್ನ ಕರೀಬೇಡಪ್ಪ. ಆಚೆ ಕಡೆ ಅವರು ಎಣಿಸ್ತಿದ್ದಿದ್ದು ನಂಗೆ ಕೇಳಿಸ್ತಿತ್ತು. ಅದೂ ಅಳೋ ಥರಾನೇ ಇತ್ತು," ಎಂದಳು.

ಅದಾಗಿ ಐದು ವಾರಕ್ಕೆ ನಿಜದ್ದು ಬಂತು. ಬೇಕರಿಯಲ್ಲಿ ಕೆಲಸ ಬೇಗ ಮುಗಿದು ಮೇಲಿನ ಹುಡುಗಿ ಮಧ್ಯಾಹ್ನ ಮೂರಕ್ಕೇ ಮನೆಗೆ ಬಂದಳು. ಮೆಟ್ಟಿಲ ಬುಡದಲ್ಲಿ ಅವಳ ಗಂಡ ಕಾಯುತ್ತಿದ್ದ. ವಿಳಾಸ ಹೇಗೋ ಸಿಕ್ಕಿತ್ತು. ಅವನು ಅವಳ ಬಲಗೈ ಹಿಡಿದ. ಅವಳು ಅವನ ಹೆಬ್ಬೆರಳಿನ ಕಡೆಗೆ ತಿರುಗಿಸಿ ಬಿಡಿಸಿಕೊಂಡಳು, ಮೇಲಕ್ಕೆ ಓಡಿದಳು. ತನ್ನ ಮನೆಗೆ ಇನ್ನೊಂದು ಅಂತಸ್ತು ಹತ್ತಬೇಕು, ಅಲ್ಲಿ ಎರಡು ಬೀಗ. ಅದಕ್ಕೇ ನಡುವೆ ಅಕ್ಕನ ಬಾಗಿಲ ಮೇಲೆ ಬಿದ್ದು ಬಡಿದಳು.

ಬಾಗಿಲು ತೆರೆಯಲಿಲ್ಲ.

ಅವನು ಬಂದು ಅವಳ ಕೈಯನ್ನು ಮೆಟ್ಟಿಲಿನ ಕಬ್ಬಿಣದ ಕಂಬಿಗೆ ಒತ್ತಿ ಹಿಡಿದು ಬೂಟುಗಾಲಿನಿಂದ ಒದ್ದ, ಒಂದಲ್ಲ, ಮೂರು ಸಲ. ಅವಳ ಕೂಗಿಗೆ ಕೆಳಗಿನ ಸೈಕಲ್ ರಿಪೇರಿಯವನು ಸ್ಪ್ಯಾನರ್ ಹಿಡಿದು ಓಡಿ ಬಂದ. ಗಂಡ ಅವನನ್ನು ತಳ್ಳಿ ಇಳಿದು ಓಡಿದ. ಎರಡು ದಿನದ ಮೇಲೆ ಸಿಕ್ಕಿಬಿದ್ದ, ಆ ವಿಷಯ ಬೇರೆ. ಸೈಕಲ್‌ನವನು ಹುಡುಗಿಯನ್ನು ಎತ್ತಿಕೊಂಡು ಕೆಳಗೆ ಹೋದ ಮೇಲೆ ಅಕ್ಕನ ಬಾಗಿಲು ತೆರೆದದ್ದು. ಹೊರಗೆ ಯಾರೂ ಇರಲಿಲ್ಲ. ಹೊಸ್ತಿಲ ಹತ್ತಿರ ಕಾಗದದ ಪೊಟ್ಟಣ ಒಡೆದು ಕೇಕಿನ ಅಂಚುಗಳು ಚೆಲ್ಲಿದ್ದವು.

ಸುದ್ದಿ ತಿಳಿದು ನಾನು ಓಡಿ ಬಂದಾಗ ಅಕ್ಕ ಅದನ್ನೇ ನೋಡುತ್ತ ಹೊಸ್ತಿಲ ಮೇಲೆ ಕೂತಿದ್ದಳು.

"ಅರವತ್ತರ ಹತ್ತಿರ ಸದ್ದು ನಿಂತ್ಹೋಯ್ತು," ಎಂದಳು. "ನೀನು ಬಂದು ಪಾಸು ಅಂತೀಯ ಅಂತ ಕಾದೆ. ನೀನು ಬರ್ಲಿಲ್ಲ. ನೀನೇ ಅಂದ್ಕೊಂಡೆ ಕಣೋ."

ನೀನೇ ಅಂದುಕೊಂಡೆ. ಅಂದಿನಿಂದ ಈ ಎರಡು ಪದ ನನ್ನ ಕಿವಿ ಬಿಟ್ಟಿಲ್ಲ. ಅಷ್ಟೇ ಆಗಿದ್ದರೆ ಲೆಕ್ಕ ನೇರ. ತಪ್ಪು ಪೂರ್ತಿ ನನ್ನದು, ಒಪ್ಪಿಕೊಂಡು ತಲೆ ತಗ್ಗಿಸುತ್ತಿದ್ದೆ.

ಆದರೆ ಮರುದಿನ ಆಸ್ಪತ್ರೆಗೆ ಹೋದೆ. ಹುಡುಗಿಯ ಕೈ ಮೊಣಕೈವರೆಗೆ ಬಿಳಿ ಪ್ಲಾಸ್ಟರಿನಲ್ಲಿತ್ತು. ನನ್ನನ್ನು ಕಂಡು, ನನಗೇ ಸಮಾಧಾನ ಹೇಳುವವಳಂತೆ, "ನೀವು ಹೇಳಿಕೊಟ್ಟಿದ್ದು ಕೆಲಸಕ್ಕೆ ಬಂತಣ್ಣಾ. ಕೈ ಬಿಡಿಸ್ಕೊಂಡೆ. ಒಂದು ಸಲ," ಎಂದಳು.

ಅವಳೇ ಮುಂದುವರಿಸಿದಳು. "ರಫು ಅಕ್ಕ ಮಲಗಿದ್ರು ಅಂತ ಕಾಣುತ್ತೆ, ಅಲ್ವಾ? ನಾನು ಎಷ್ಟು ಕೂಗಿದೆ. ರಫು ಅಕ್ಕಾ, ನಾನು, ಮೇಲಿನವಳು, ಅವನು ಬಂದಿದ್ದಾನೆ ಅಂತ."

ಹೂಂ, ಮಲಗಿದ್ದಳು ಎಂದೆ. ಅದು ಅವಳಿಗೆ ನಾನು ಹೇಳಿದ ಸುಳ್ಳು. ಅವಳು ನನ್ನ ಮುಖವನ್ನೇ ನೋಡಿದಳು, ನಂಬಿದಳೋ ಇಲ್ಲವೋ. ಪೊಲೀಸರ ಮುಂದೆ ನನ್ನನ್ನು ನಿಲ್ಲಿಸಿದ್ದನ್ನು ಅವಳೂ ಕಂಬಿ ಹಿಡಿದು ನೋಡಿದ್ದವಳಲ್ಲವೇ?

ಬಸ್ಸಿನಲ್ಲಿ ಬರುವಾಗ ಅವಳ ಮಾತನ್ನೇ ಮತ್ತೆ ಮತ್ತೆ ಹೇಳಿಕೊಂಡೆ. ರಫು ಅಕ್ಕಾ, ನಾನು, ಮೇಲಿನವಳು. ಪ್ಯಾಕಿಂಗ್‌ನವಳು ಪರೀಕ್ಷೆಯಲ್ಲಿ ಹಾಗೆ ಕೂಗಿದ್ದಳೇ? ಕೂಗಿದ್ದರೆ ಅಕ್ಕ ಮೋಸಹೋದದ್ದು ಸಹಜ. ಕೂಗಿರದಿದ್ದರೆ, ಅಕ್ಕ ಆ ದನಿಯನ್ನು ಕೇಳಿ ಯಾರೆಂದು ತಿಳಿದೂ ಕೂತಿದ್ದಳೇ? ಕತ್ತರಿ ಹಿಡಿದು ಬರಿಗಾಲಲ್ಲಿ ಹೊರಗೆ ಬಂದಿದ್ದ ಅಕ್ಕ?

ಪ್ಯಾಕಿಂಗ್‌ನವಳನ್ನು ಕೇಳಿದೆ. ಅವಳು ರಟ್ಟಿನ ಪೆಟ್ಟಿಗೆ ಮಡಚುವುದನ್ನು ನಿಲ್ಲಿಸಿದಳು.

"ಚೀಟೀಲಿ ಏನಿತ್ತೋ ಅದನ್ನೇ ಹೇಳ್ದೆ. ಮೂರನೇ ಸಲ ನೀನು ಬೇರೆ ಚೀಟಿ ಕೊಟ್ಟಿದ್ದೆ. ಅದರಲ್ಲಿ ರಫು ಅಕ್ಕ ಅಂತ ಇತ್ತಾ? ಇದ್ದಿರಬಹುದು. ಅಳ್ತಾ ಇರೋವಾಗ ನಾನು ಏನು ಸೇರಿಸ್ದೆ ಏನು ಬಿಟ್ಟೆ, ಯಾರಿಗೆ ನೆನಪಿರುತ್ತೆ?"

ಆ ಚೀಟಿ ಸಿಗಲಿಲ್ಲ. ಪರೀಕ್ಷೆ ಈ ಸಲ ಕಠಿಣವಾಗಿರಲಿ, ಮೇಲಿನ ಮನೆಯವಳು ಎಂದು ಹೇಳಿಸಿಬಿಡೋಣ ಎಂದು ನಾನು ಯೋಚಿಸಿದ್ದು ನಿಜ. ಬಸ್ಸಿನಲ್ಲಿ ಯೋಚಿಸಿದ್ದು, ಕಿಟಕಿಯ ಪಕ್ಕದ ಸೀಟಿನಲ್ಲಿ, ಅದು ಸ್ಪಷ್ಟವಾಗಿ ನೆನಪಿದೆ. ಚೀಟಿಯಲ್ಲಿ ಬರೆದೆನೇ ಎಂಬುದು ನೆನಪಿಲ್ಲ. ಕಪಾಟಿನ ಬೀಗ ಹಾಕಿದೆನೋ ಇಲ್ಲವೋ ಎಂದು ಗೇಟಿನಿಂದ ಮರಳಿ ಬರುವವನ ನೆನಪನ್ನು ಯಾರು ನಂಬುತ್ತಾರೆ?

ಚೀಟಿಗಾಗಿ ಹುಡುಕುವಾಗ ತರಗತಿಯ ನೋಟ್‌ಬುಕ್ಕು ಕೈಗೆ ಬಂತು. ಏಳನೆಯ ಮಾತು ಅಲ್ಲೇ ಇತ್ತು, ಅಂಡರ್‌ಲೈನ್ ಸಮೇತ. 'ಅಕ್ಕಪಕ್ಕದವರೊಂದಿಗೆ ಒಂದು ಗುರುತಿನ ಬಡಿತ ಗೊತ್ತುಮಾಡಿಕೊಳ್ಳಿ. ಅದು ಕೇಳಿದರೆ ಅವರು ನಿಮಗೆ, ನೀವು ಅವರಿಗೆ ಬಾಗಿಲು ತೆರೆಯಬೇಕು.' ಅದರ ಪಕ್ಕದಲ್ಲಿ ನನ್ನದೇ ಕೈಬರಹ, ಸೀಸದ ಕಡ್ಡಿಯಲ್ಲಿ: 'ಬೇಡ. ಕೀಲಿಕೈ ಹೆಚ್ಚಾದಷ್ಟೂ ಬೀಗ ಸಡಿಲ.'

ಬೀಗದವನ ಬುದ್ಧಿ. ಮೂರು ಸಲ ಬಡಿದು, ತಡೆದು, ಎರಡು ಸಲ ಬಡಿ. ಇಷ್ಟು ಹೇಳಿಕೊಟ್ಟಿದ್ದರೆ ಸಾಕಿತ್ತು, ಅದಕ್ಕೆ ಎರಡು ನಿಮಿಷ ಹಿಡಿಯುತ್ತಿರಲಿಲ್ಲ. ಇಬ್ಬರೂ ಒಂದೇ ಮೆಟ್ಟಿಲ ಮೇಲೆ ನನ್ನ ಮುಂದೆ ನಿಂತು ಕೇಕು ತಿನ್ನುತ್ತಿದ್ದ ಭಾನುವಾರಗಳು ಎಷ್ಟಿದ್ದವು.

ಎರಡು ತಿಂಗಳ ಮೇಲೆ ಹುಡುಗಿ ಮನೆ ಖಾಲಿ ಮಾಡಿದಳು. ಎರಡು ಬೆರಳು ಮಡಚುವುದಿಲ್ಲ, ಕೆನೆಯ ಚೀಲ ಹಿಂಡಲಾಗುವುದಿಲ್ಲ. ಬೇಕರಿಯವರು ಮಾರಾಟದ ಕಡೆ ನಿಲ್ಲು ಎಂದರಂತೆ, ಅವಳು ಒಪ್ಪಲಿಲ್ಲ. ಬೇರೆ ಊರಿನ ಚಿಕ್ಕಮ್ಮನ ಮನೆಗೆ ಹೊರಟಿದ್ದಳು. ಸಾಮಾನು ಇಳಿಸಲು ನಾನೂ ಸೈಕಲ್‌ನವನೂ ಇದ್ದೆವು. ಕೊನೆಯ ಪೆಟ್ಟಿಗೆ ಇಳಿದ ಮೇಲೆ ಅವಳು ಅಕ್ಕನ ಮನೆಯೊಳಗೆ ಹೋದಳು. ಅಕ್ಕ ಎದ್ದು ಬಂದು ನನ್ನ ಮುಖದ ಮುಂದೆಯೇ ಬಾಗಿಲು ಹಾಕಿದಳು. ನಾನು ಮೆಟ್ಟಿಲ ಮೇಲೆ ಕೂತೆ. ಅರ್ಧ ಗಂಟೆ ಒಂದೂ ಮಾತು ಹೊರಗೆ ಕೇಳಲಿಲ್ಲ. ನಾನು ಬೀಗ ಹಾಕಿಕೊಟ್ಟ ಬಾಗಿಲು ನನಗೇ ಮುಚ್ಚಿತ್ತು.

ಹುಡುಗಿ ಹೊರಗೆ ಬಂದಾಗ ಅಕ್ಕ ಹೆಣೆದ ಒಂದು ಉಣ್ಣೆಯ ಕೈಗವಸು ಅವಳ ಬಲಗೈಗಿತ್ತು, ಬಗ್ಗದ ಎರಡು ಬೆರಳಿಗೆ ಒಟ್ಟಿಗೆ ಒಂದೇ ಅಗಲವಾದ ಮನೆ ಬಿಟ್ಟು ಹೆಣೆದದ್ದು. "ಬರ್ತೀನಣ್ಣಾ," ಎಂದು ಇಳಿದುಹೋದಳು. ಅವಳ ಕಣ್ಣು ಕೆಂಪಾಗಿರಲಿಲ್ಲ. ಅಕ್ಕನದು ಆಗಿತ್ತು.

"ಸ್ಕ್ರೂಡ್ರೈವರ್ ತಂದಿದ್ದೀಯಾ?" ಅಕ್ಕ ಕೇಳಿದಳು.

"ಇದೆ."

"ಈ ಸರಪಳಿ ಬಿಚ್ಚು."

"ಅಕ್ಕ, ಕಳ್ಳರು..."

"ಬಿಚ್ಚೋ. ಬೀಗ ಇರ್ಲಿ. ಎಣಿಸೋದೊಂದು ನನ್ನ ಕೈಲಾಗಲ್ಲ."

ಬಿಚ್ಚಿದೆ. ಈಗ ಯಾರಾದರೂ ಬಾಗಿಲು ಬಡಿದರೆ ಅಕ್ಕ ಇಣುಕುಗಾಜಿಗೆ ಕಣ್ಣಿಟ್ಟು ಮೊದಲು ತನ್ನ ಹೆಸರು ಹೇಳುತ್ತಾಳೆ, ಆಮೇಲೆ ಅವರ ಹೆಸರು ಕೇಳುತ್ತಾಳೆ. ಮೇಲಿನ ಮನೆಗೆ ಬಂದಿರುವ ದಂಪತಿಗೂ ಕೆಳಗಿನ ಸೈಕಲ್‌ನವನಿಗೂ ಬಡಿತ ಹೇಳಿಕೊಟ್ಟಿದ್ದೇನೆ, ಮೂರು, ಆಮೇಲೆ ಎರಡು. ಅವರು ನನ್ನ ಗಾಬರಿ ನೋಡಿ ಮರ್ಯಾದೆಗೆ ಹೂಂ ಎಂದರು. ಅಕ್ಕ ನನ್ನೊಂದಿಗೆ ಮೊದಲಿನಂತೆಯೇ ಇದ್ದಾಳೆ, ಟೀ ಕೊಡುತ್ತಾಳೆ, ನನ್ನ ಅಂಗಿಯ ತೋಳು ನೋಡಿ ಬೈಯುತ್ತಾಳೆ. ಆದರೆ ಬಾಗಿಲ ಮಾತು ಬಂದರೆ ಭೂತಗನ್ನಡಿಯ ಮೇಲೆ ಬಗ್ಗುತ್ತಾಳೆ.

ಕೇಳಬೇಕೆಂದು ಎಷ್ಟೋ ಸಲ ಬಾಯಿ ತೆರೆದಿದ್ದೇನೆ. ಆ ದಿನ ಹೊರಗಿದ್ದವಳು ಯಾರೆಂದು ನಿನಗೆ ತಿಳಿದಿತ್ತೇ? ತಿಳಿದಿರಲಿಲ್ಲ ಎಂದರೆ ತಪ್ಪು ನನ್ನ ಚೀಟಿಯದು. ತಿಳಿದಿತ್ತು ಎಂದರೂ, ಅವಳಿಗೆ ಆ ಭಯ ಕಲಿಸಿದವನು ನಾನೇ. ಎರಡೂ ಕಡೆ ತಪ್ಪು ನನ್ನ ಕಡೆಗೇ ಹೊರಳುತ್ತದೆ. ಹಾಗಿದ್ದೂ ಕೇಳಲು ಯಾಕೆ ಧೈರ್ಯ ಬರುವುದಿಲ್ಲವೋ ತಿಳಿಯದು. ನೀನೇ ಅಂದುಕೊಂಡೆ ಎಂದು ಅವಳು ಹೇಳಿದ್ದು ನಿಜವಿರಬಹುದು. ನಾನು ಹುಡುಗಿಗೆ ಹೇಳಿದಂಥದೇ ಇನ್ನೊಂದು ಸುಳ್ಳೂ ಇರಬಹುದು. ಬಾಗಿಲು ಹಾಕಿಕೊಂಡು ಅರ್ಧ ಗಂಟೆ ಅವರಿಬ್ಬರು ಏನು ಮಾತಾಡಿದರು ಎಂಬುದು ನನಗೆ ಗೊತ್ತಿಲ್ಲ. ಮೂರನೆಯ ಚೀಟಿಯಲ್ಲಿ ನಾನು ಏನು ಬರೆದಿದ್ದೆ ಎಂಬುದೂ ಗೊತ್ತಿಲ್ಲ.